ಬೆಳಗಾವಿಯಲ್ಲಿ ಗಡಿಯಾರ ನೋಡಿಕೊಂಡು ತಿನ್ನಿ

ತಿನ್ನೋದಕ್ಕೆ ಅಂತಲೇ ಬೆಳಗಾವಿಗೆ ಹೋಗ್ತಿದ್ದೀನಿ ಅಂದಾಗ ಹಾಸನದಲ್ಲಿ ನಮ್ಮವರೆಲ್ಲ ನಕ್ಕರು. "ಅಷ್ಟು ದೂರ ಹೋಗಿ ಏನು ತಿಂತೀಯ, ಬರುವಾಗ ಕುಂದಾ ತಗೊಂಡು ಬಾ" ಅಂದರು, ಮುಗಿಯಿತು. ಅಕ್ಕ ಮತ್ತು ಭಾವ ಬೆಳಗಾವಿಯ ಟಿಳಕವಾಡಿಯಲ್ಲಿದ್ದಾರೆ, ಅಮ್ಮನಿಗೆ ಮಗಳ ಮನೆ ನೋಡೋ ಆಸೆ, ನನಗೆ ಹೊಟ್ಟೆಯ ಆಸೆ. ಇಬ್ಬರೂ ಹೊರಟೆವು. ಅಮ್ಮ ನಾಲ್ಕು ವರ್ಷದಿಂದ ಮಾಂಸ ಮುಟ್ಟಲ್ಲ, ನಾನು ಯಾವುದನ್ನೂ ಬಿಡಲ್ಲ. ಹಾಗಾಗಿ ಎರಡೂ ಥರದವರಿಗೆ ಈ ಬರಹದಲ್ಲಿ ಏನಾದರೂ ಸಿಗುತ್ತೆ.

ಮೊದಲ ದಿನ ಪೂರ್ತಿ ಹಾಳು ಮಾಡಿಕೊಂಡೆ, ಅದನ್ನೇ ಮೊದಲು ಹೇಳ್ತೀನಿ. ಮೊಬೈಲ್‌ನಲ್ಲಿ ಹನ್ನೆರಡು ಹೋಟೆಲ್ ಹೆಸರು ಬರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಹತ್ತೂವರೆಗೆ ಬಿಸಿ ಪಾವ್ ಹುಡುಕಿದೆ, ಬೇಕರಿಯವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ಒಂದು ಗಂಟೆಗೆ ಬೆಳಗಿನ ತಿಂಡಿಯಾದ ಮಿಸಳ್ ಕೇಳಿದೆ, ಪಾತ್ರೆ ತೊಳೆಯುತ್ತಿದ್ದರು. ಮೂರು ಮುಕ್ಕಾಲಿಗೆ ರೊಟ್ಟಿ ಊಟದ ಖಾನಾವಳಿ ಬಾಗಿಲಿಗೆ ಹೋದರೆ ಅರ್ಧ ಶಟರ್ ಕೆಳಗೆ, ಒಳಗಿನಿಂದ "ಮುಗೀತ್ರಿ" ಅನ್ನೋ ದನಿ ಮಾತ್ರ ಬಂತು. ಸಂಜೆ ಮನೆಗೆ ಬಂದು ಗೊಣಗಿದಾಗ ಭಾವ ಹೇಳಿದ್ದು ಒಂದೇ ಮಾತು. "ಇಲ್ಲಿ ಯಾ ಹೋಟೆಲ್ ಅಂತ ಕೇಳಬ್ಯಾಡೋ, ಎಷ್ಟ ಗಂಟೆ ಆತು ಅಂತ ಕೇಳು." ಮಾರನೆಯ ದಿನದಿಂದ ಹಾಗೇ ಮಾಡಿದೆ. ಊರೇ ಬೇರೆ ಅನ್ನಿಸಿತು.

ಹೋಗೋದು ಕಷ್ಟವೇನಿಲ್ಲ. ಬೆಂಗಳೂರಿಂದ ಸುಮಾರು 500 ಕಿಲೋಮೀಟರ್, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ತಿನ್ನೋಕೆ ಹೋಗುವವರಿಗೆ ರಾತ್ರಿ ರೈಲೇ ಸರಿ, ಯಾಕಂದ್ರೆ ಈ ಊರಿನ ಒಳ್ಳೆಯ ಊಟದ ಅರ್ಧ ಭಾಗ ಮಧ್ಯಾಹ್ನದೊಳಗೆ ಮುಗಿದಿರುತ್ತೆ. ಬೇಕರಿಗಳಿರುವ ಕ್ಯಾಂಪ್, ಅಂದರೆ ಹಳೇ ದಂಡು ಪ್ರದೇಶ, ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಡಿಸೆಂಬರ್‌ನಲ್ಲಿ ಹೋಗೋರು ಮಾತ್ರ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಲಾಡ್ಜ್ ಸಿಗೋದು ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ. ಜುಲೈನಲ್ಲಿ ಮಳೆ ಬಿಡೋದೇ ಇಲ್ಲ, ಗಲ್ಲಿ ಗಲ್ಲಿ ನಡೆಯೋಕೆ ಆಗಲ್ಲ. ಬಿಸಿ ಭಜಿ ತಿನ್ನೋಕೆ ಅದೇ ಒಳ್ಳೆ ಕಾಲ ಅಂತ ಭಾವ ವಾದ ಮಾಡ್ತಾರೆ, ಅದೂ ಸರಿಯೇ.

ಒಂದು ಊರಲ್ಲಿ ಇಷ್ಟು ಥರದ ಅಡುಗೆ ಹೇಗೆ ಬಂತು ಅಂತ ಕೇಳಿದರೆ, ಸ್ವಲ್ಪ ಹಿಂದಕ್ಕೆ ಹೋಗಬೇಕು. 1818ರಲ್ಲಿ ಬ್ರಿಟಿಷರು ಕೋಟೆ ಹಿಡಿದರು, ಅವರ ದಂಡು ಇಲ್ಲೇ ಬೀಡುಬಿಟ್ಟಿತು, ಅದೇ ಇವತ್ತಿನ ಕ್ಯಾಂಪ್. ದಂಡು ಬಂದಲ್ಲಿ ಬ್ರೆಡ್ಡು ಬರಲೇಬೇಕಲ್ವಾ? 1956ರವರೆಗೆ ಊರು ಮುಂಬಯಿ ಕಡೆಗೆ ಸೇರಿತ್ತು. ಗೋವಾ ಒಂದು ಘಟ್ಟ ಇಳಿದರೆ ಸಿಗುತ್ತೆ, ಕೊಲ್ಹಾಪುರ ಹೆದ್ದಾರಿಯಲ್ಲಿ ಎರಡು ಗಂಟೆಯ ದಾರಿ. ಮಾರವಾಡಿಗಳು, ಗುಜರಾತಿಗಳು ವ್ಯಾಪಾರಕ್ಕೆ ಬಂದು ನಿಂತರು. ಹಾಗಾಗಿ ಒಂದೇ ಗಲ್ಲಿಯಲ್ಲಿ ಕನ್ನಡದಲ್ಲಿ ರೊಟ್ಟಿ, ಮರಾಠಿಯಲ್ಲಿ ಮಿಸಳ್, ಉರ್ದುವಿನಲ್ಲಿ ಕಬಾಬು ಕೇಳಬಹುದು. ಕೇಳುವಾಗ ಭಾಷೆ ತಪ್ಪಾದರೂ ಯಾರೂ ಬೈಯಲ್ಲ. ನಾನು ಕನ್ನಡದಲ್ಲೇ ಮಾತಾಡಿದೆ, ಎಲ್ಲ ಕಡೆ ಉತ್ತರ ಸಿಕ್ಕಿತು. ಚಹಾಕ್ಕೆ ಮಾತ್ರ "ಟೀ" ಅನ್ನಬೇಡಿ, "ಚಹಾ" ಅನ್ನಿ, ಬೇಗ ಬರುತ್ತೆ. ಫಿಲ್ಟರ್ ಕಾಫಿ ಆಸೆ ಎರಡು ದಿನ ಬದಿಗಿಡಿ.

ಎರಡನೇ ದಿನ ಬೆಳಿಗ್ಗೆ ಆರೂವರೆಗೆ ಕ್ಯಾಂಪ್‌ನಲ್ಲಿದ್ದೆ. ಬೇಕರಿಯ ಹಿಂಬಾಗಿಲಿನಿಂದ ಪಾವ್ ತಟ್ಟೆ ಬರುತ್ತಿತ್ತು. ಸೈಕಲ್ಲಿನವರು ಚೀಲ ತುಂಬಿಸಿಕೊಂಡು ಹೋಗುತ್ತಿದ್ದರು. ಅರ್ಧ ಡಜನ್ ತಗೊಂಡು ಅಲ್ಲೇ ಎದುರಿನ ಗಾಡಿಯಲ್ಲಿ ಚಹಾ ತಗೊಂಡೆ. ಪಾವ್‌ನ ಮೇಲ್ಭಾಗ ತುಸು ಗಟ್ಟಿ, ಒಳಗೆ ಹತ್ತಿ. ಬೆಣ್ಣೆ ಬೇಕಾಗಲಿಲ್ಲ. ಅದೇ ಪಾವ್ ಒಂಬತ್ತು ಗಂಟೆಗೆ ಮನೆಯಲ್ಲಿ ತಿಂದಾಗ ಸಾಧಾರಣ ಬನ್ ಥರ ಇತ್ತು. ಬೆಳಿಗ್ಗೆ ಏಳೋದು ಆಗಲ್ಲ ಅನ್ನೋರು ಬೇಕರಿಗೆ ಸಂಜೆ ನಾಲ್ಕಕ್ಕೆ ಹೋಗಿ, ಆ ಹೊತ್ತಿಗೆ ಖಾರಿ, ಟೋಸ್ಟು, ನಾನಖಟಾಯಿ ಬಿಸಿಯಾಗಿ ಬರುತ್ತೆ. ಖಾರಿ ಅಂದರೆ ಪದರ ಪದರದ ಉಪ್ಪಿನ ಬಿಸ್ಕತ್ತು, ಚಹಾದಲ್ಲಿ ಅದ್ದಿ ಎಣಿಸದೆ ತಿನ್ನಬೇಕು. ಪ್ಯಾಕೆಟ್‌ನಲ್ಲಿ ಇಟ್ಟಿದ್ದು ಬೇಡ, ತೂಕಕ್ಕೆ ಕೊಡೋದನ್ನ ಕೇಳಿ.

ಮಿಸಳ್‌ಗೆ ಎಂಟರಿಂದ ಹನ್ನೊಂದು. ಮೊಳಕೆ ಕಾಳಿನ ಉಸಳ, ಮೇಲೆ ಫರಸಾಣ ಅನ್ನೋ ಕುರುಕಲು ಮಿಕ್ಸ್ಚರ್, ಈರುಳ್ಳಿ, ನಿಂಬೆ, ಜೊತೆಗೆ ಪಾವ್. ಅದರ ಮೇಲೆ ಹುಯ್ಯುವ ಕೆಂಪು ರಸ್ಸಾ ಇದೆಯಲ್ಲ, ಅದರ ವಿಷಯದಲ್ಲಿ ಹುಷಾರು. ದಕ್ಷಿಣದಿಂದ ಹೋದವರು "ಖಾರ ಕಡಿಮೆ" ಅಂದರೆ ರಸ್ಸಾ ಬೇರೆ ಬಟ್ಟಲಲ್ಲಿ ಕೊಡ್ತಾರೆ, ಹಾಗೇ ಕೇಳಿ. ನಾನು ಶೂರನಂತೆ ಎಲ್ಲಾ ಹುಯ್ಯಿಸಿಕೊಂಡು ಮೂಗು ಒರೆಸಿಕೊಳ್ಳುತ್ತಾ ತಿಂದೆ. ಪಕ್ಕದ ಮೇಜಿನಲ್ಲಿ ಶಾಲೆಗೆ ಹೋಗೋ ಹುಡುಗಿ ಎರಡನೇ ಸಲ ರಸ್ಸಾ ಹಾಕಿಸಿಕೊಳ್ಳುತ್ತಿದ್ದಳು. ಅಮ್ಮ ಶಿರಾ-ಉಪ್ಪಿಟ್ಟಿಗೆ ಶರಣಾದಳು. ಇಡ್ಲಿ ದೋಸೆಯೇ ಬೇಕು ಅನ್ನೋರಿಗೆ ಮಿತ್ರ ಸಮಾಜದಂಥ ಹಳೇ ಹೋಟೆಲ್ ಇವೆ. ಆದರೆ ಹಾಸನದಿಂದ ಹೋಗಿ ದೋಸೆ ತಿನ್ನೋದು ಯಾಕೋ ನನಗೆ ಸರಿ ಅನ್ನಿಸಲಿಲ್ಲ.

ನಾಷ್ಟಾ ಆದ ಮೇಲೆ ನಡೆಯಿರಿ. ನಡೆಯದಿದ್ದರೆ ಮಧ್ಯಾಹ್ನ ಹಸಿವಾಗಲ್ಲ. ನಾವು ಕೋಟೆಗೆ ಹೋದೆವು. ಒಳಗೆ ಕಮಲ ಬಸದಿ ಇದೆ, 1204ರದ್ದು, ರಟ್ಟರ ಕಾಲದ್ದು. ಚಾವಣಿಯಲ್ಲಿ ಕಲ್ಲಿನ ಕಮಲ ಇಳಿಬಿದ್ದಿದೆ. ಅಮ್ಮ ಕತ್ತು ಎತ್ತಿ ನೋಡಿ ನೋಡಿ ಸುಸ್ತಾದಳು. ಅಲ್ಲಿಂದ ಪೇಟೆಗೆ.

ಈಗ ಖಾನಾವಳಿ. ಇದಕ್ಕೆ ಹನ್ನೆರಡೂವರೆಯಿಂದ ಎರಡು, ಅದರ ಮೇಲೆ ನಂಬಬೇಡಿ. ನಾವು ಹೋದದ್ದು ಬಸ್ ಸ್ಟ್ಯಾಂಡ್ ಕಡೆಯ ಒಂದು ಸಣ್ಣ ಲಿಂಗಾಯತ ಖಾನಾವಳಿಗೆ, ಬೋರ್ಡ್ ಕೂಡ ಸರಿಯಾಗಿರಲಿಲ್ಲ. ಒಳಗೆ ಇಬ್ಬರು ರೊಟ್ಟಿ ಬಡಿಯುತ್ತಿದ್ದರು, ಆ ಸದ್ದು ಕೇಳಿಸುವ ಜಾಗ ಹುಡುಕಿ, ಬೋರ್ಡ್ ನೋಡಬೇಡಿ. ತಟ್ಟೆಗೆ ಬಂದದ್ದು ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಕಡಲೆ ಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಈರುಳ್ಳಿ, ಮೊಸರು. ಚಟ್ನಿಪುಡಿಯ ಮೇಲೆ ಮೊಸರು ಹಾಕಿ ಕಲಸಬೇಕು ಅಂತ ಗೊತ್ತಿರದೆ ಅಮ್ಮ ಒಣಪುಡಿಯನ್ನೇ ಬಾಯಿಗೆ ಹಾಕಿಕೊಂಡಳು. ಬಡಿಸುತ್ತಿದ್ದ ಹೆಂಗಸು ಓಡಿ ಬಂದು "ಅಮ್ಮಾರ, ಹಂಗಲ್ರಿ" ಅಂತ ತಾವೇ ಕಲಸಿಕೊಟ್ಟರು. ಮೊದಲ ರೊಟ್ಟಿ ಮುಗಿಯುವ ಮುಂಚೆ ಎರಡನೆಯದು ಬೀಳುತ್ತೆ. ಸಾಕು ಅಂದರೆ ಯಾರೂ ಕೇಳಿಸಿಕೊಳ್ಳಲ್ಲ, ತಟ್ಟೆ ಮೇಲೆ ಕೈ ಅಡ್ಡ ಇಡಬೇಕು. ಅನ್ನ ಕೊನೆಗೆ, ಅದೂ ಒಂದು ಮುಷ್ಟಿ. ಅನ್ನ ಇಲ್ಲದೆ ಊಟವಾಗದವರು ಮೊದಲೇ ಹೇಳಿ. ಇಬ್ಬರ ಊಟಕ್ಕೆ 300 ರೂಪಾಯಿ ಕೂಡ ಆಗಲಿಲ್ಲ.

ಮಾಂಸ ತಿನ್ನುವವರಿಗೆ ಎರಡು ಎಚ್ಚರಿಕೆ. ಶ್ರಾವಣದಲ್ಲಿ ತುಂಬ ಮನೆಗಳಲ್ಲಿ ಮಾಂಸ ಇಲ್ಲ, ಪೇಟೆಯಲ್ಲೂ ಸಾಬುದಾಣಿ (ಸಬ್ಬಕ್ಕಿ) ಖಿಚಡಿ, ಸಾಬುದಾಣಿ ವಡೆಯ ಕಾಲ. ಅದನ್ನು ತಿನ್ನೋಕೆ ಬೇಕಾದರೆ ಆಗಲೇ ಹೋಗಿ, ಮೀನಿಗೆ ಅಂತ ಹೋದರೆ ಬೇಜಾರಾಗುತ್ತೆ. ಮತ್ತೆ ಮೀನಿನ ಊಟ ಮಧ್ಯಾಹ್ನವೇ ಮಾಡಿ, ಸಮುದ್ರದ ಮೀನು ಘಟ್ಟ ಹತ್ತಿ ಬರಬೇಕು, ರಾತ್ರಿಯ ಹೊತ್ತಿಗೆ ಒಳ್ಳೆಯದು ಖಾಲಿ. ನನಗೆ ಸಿಕ್ಕಿದ್ದು ರವೆ ಹಚ್ಚಿ ಹುರಿದ ಬಂಗುಡೆ, ಕೆಂಪು ಸಾರು, ಸೋಲ್ ಕಡಿ. ಸೋಲ್ ಕಡಿ ಅಂದರೆ ಕೋಕಂ ಮತ್ತು ತೆಂಗಿನ ಹಾಲಿನ ಗುಲಾಬಿ ಬಣ್ಣದ ಪಾನಕ, ಊಟದ ಕೊನೆಗೆ ಕುಡಿಯಿರಿ, ಮಿಸಳ್‌ನ ಪಾಪವೂ ತೊಳೆದು ಹೋಗುತ್ತೆ. ಸಾವಜಿ ಸಮುದಾಯದವರ ಖಾನಾವಳಿಯ ಮಟನ್ನು, ಖೀಮಾ ಉಂಡೆ ರಾತ್ರಿಗೆ ಇಟ್ಟುಕೊಳ್ಳಿ. ಅದು ಮಿಸಳ್‌ಗಿಂತ ಖಾರ, ಸುಮ್ನೆ ಹೇಳ್ತಿಲ್ಲ. ಒಂದೇ ದಿನ ಎರಡನ್ನೂ ಮಾಡಬೇಡಿ. ಬಿರಿಯಾನಿ ಅಂದರೆ ಊರಿನವರು ನಿಯಾಜ್ ಹೋಟೆಲ್ ಅಂತಾರೆ. ನಾನೂ ತಿಂದೆ, ಚೆನ್ನಾಗಿತ್ತು, ಆದರೆ ಹೆಸರಿಲ್ಲದ ಖಾನಾವಳಿಗಳ ಮುಂದೆ ಅದು ನೆನಪಲ್ಲಿ ಅಷ್ಟು ಉಳಿದಿಲ್ಲ. ರಂಜಾನ್ ತಿಂಗಳಲ್ಲಿ ದರ್ಬಾರ್ ಗಲ್ಲಿ, ಖಂಜರ್ ಗಲ್ಲಿ ಕಡೆ ಸಂಜೆ ಹೋಗಿ ಅಂತ ಭಾವ ಹೇಳಿದ್ದಾರೆ, ಅದು ಮುಂದಿನ ಸಲಕ್ಕೆ.

ಅಂಗಡಿಗಳ ವಿಷಯ. ಖಡೇ ಬಜಾರ್, ಗಣಪತ ಗಲ್ಲಿ, ಮಾರುತಿ ಗಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ, ಕಾರು ತರಬೇಡಿ, ನಿಲ್ಲಿಸೋಕೆ ಜಾಗವಿಲ್ಲ. ಕಿರ್ಲೋಸ್ಕರ್ ರೋಡಿನಲ್ಲಿ ನಡೆಯುವಾಗ ಅಮ್ಮ "ಇದೇನು ಪಂಪ್‌ಸೆಟ್ಟಿನ ಕಿರ್ಲೋಸ್ಕರಾ?" ಅಂದಳು. ಹೌದು, 1888ರಲ್ಲಿ ಇದೇ ಊರಿನ ಒಂದು ಸೈಕಲ್ ಅಂಗಡಿಯಿಂದ ಅವರ ಕಥೆ ಶುರು. ಸಂಕೇಶ್ವರ ಇದೇ ಜಿಲ್ಲೆಯದು, ಅಲ್ಲಿನ ಮೆಣಸಿನಕಾಯಿಯ ಖಾರದಪುಡಿ ಕೇಳಿ ತಗೊಳ್ಳಿ. ಕಾಂದಾ-ಲಸೂಣ (ಈರುಳ್ಳಿ-ಬೆಳ್ಳುಳ್ಳಿ) ಮಸಾಲೆ ಕಾಲು ಕಿಲೋ ತಂದರೆ ಆರು ತಿಂಗಳು ಬರುತ್ತೆ. ಭಡಂಗ, ಅಂದರೆ ಬೆಳ್ಳುಳ್ಳಿ ಖಾರ ಹಚ್ಚಿದ ಚುರಮುರಿ, ರೈಲಿಗೆ ಒಳ್ಳೇ ಜೊತೆ. ಗೋಕಾಕದ ಕರದಂಟು ಇಲ್ಲೇ ಸಿಗುತ್ತೆ, ಅದಕ್ಕೆಂದೇ ಗೋಕಾಕಕ್ಕೆ ಹೋಗಬೇಕಿಲ್ಲ. ಜಲಪಾತ ನೋಡಬೇಕಾದರೆ ಹೋಗಿ.

ಕುಂದಾ ತಗೊಳ್ಳುವಾಗ ನಾನು ಮೋಸ ಹೋದೆ. ಇಳಿದ ದಿನವೇ ದಾರಿಯಲ್ಲಿ ಸಿಕ್ಕ ಒಂದು ಅಂಗಡಿಯಲ್ಲಿ ರುಚಿ ನೋಡದೆ ಒಂದು ಕಿಲೋ ಕಟ್ಟಿಸಿದೆ. ಬರೀ ಸಕ್ಕರೆ. ಭಾವ ಒಂದು ಚಮಚ ತಿಂದು ಡಬ್ಬಿ ಮುಚ್ಚಿದರು, ಏನೂ ಹೇಳಲಿಲ್ಲ, ಅದೇ ಹೆಚ್ಚು ಅವಮಾನ. ಕುಂದಾ ಅಂದರೆ ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಅದು ಒಡೆದು ಹರಳು ಹರಳಾಗಿ, ಸಕ್ಕರೆ ಸೇರಿ ಕಂದು ಬಣ್ಣಕ್ಕೆ ತಿರುಗಬೇಕು. ಬಾಯಲ್ಲಿ ಹರಳು ಸಿಗಬೇಕು, ಸ್ವಲ್ಪ ಸೀದ ಹಾಲಿನ ವಾಸನೆ ಇರಬೇಕು. ನುಣ್ಣಗಿದ್ದರೆ, ಬಿಳಿಚಿಕೊಂಡಿದ್ದರೆ ಬೇಡ. ಕ್ಯಾಂಪ್ ಪುರೋಹಿತ್ ಅನ್ನೋ ಅಂಗಡಿಯಲ್ಲಿ ಎರಡನೇ ಸಲ ತಗೊಂಡದ್ದು ಸರಿಯಾಗಿತ್ತು. ಎಲ್ಲಿ ತಗೊಂಡರೂ ಮೊದಲು ಚೂರು ಕೇಳಿ, ಕೊಡ್ತಾರೆ. ಹೊರಡುವ ದಿನವೇ ತಗೊಳ್ಳಿ, ಸ್ಟೀಲ್ ಡಬ್ಬಿ ಮನೆಯಿಂದಲೇ ಒಯ್ಯಿರಿ, ರಟ್ಟಿನ ಡಬ್ಬಿಯಿಂದ ಜಿಡ್ಡು ಸೋರಿ ನನ್ನ ಎರಡು ಅಂಗಿ ಹೋದವು.

ಮಂಡಿಗೆ ಮಾತ್ರ ನೋಡಲೇಬೇಕಾದ್ದು. ಮನಸ್ಸಿನಲ್ಲೇ ಮಂಡಿಗೆ ತಿನ್ನೋದು ಅಂತ ಗಾದೆ ಹೇಳ್ತಾ ಬೆಳೆದವರು ನಾವು, ಅಮ್ಮ ಅರವತ್ತೆರಡು ವರ್ಷಕ್ಕೆ ಮೊದಲ ಸಲ ಬಾಯಲ್ಲಿ ತಿಂದಳು. ಮಾಡೋದನ್ನು ನೋಡೋಕೆ ಅಂಗಡಿಯಲ್ಲಿ ಮೊದಲೇ ವಿಚಾರಿಸಿ, ಎಲ್ಲರೂ ದಿನಾ ಮಾಡಲ್ಲ, ಮದುವೆ ಸೀಸನ್ನಿನಲ್ಲಿ ಜಾಸ್ತಿ. ಹೂರಣ ತುಂಬಿದ ಕಣಕವನ್ನು ಕೈ ಮೇಲೆ ತಿರುಗಿಸುತ್ತಾ ತಿರುಗಿಸುತ್ತಾ ಪಂಚೆಯ ಥರ ಅಗಲ ಮಾಡಿ, ಬೋರಲು ಹಾಕಿದ ಕಾದ ಬಾಣಲೆ ಮೇಲೆ ಹೊದಿಸಿ, ಬಿಸಿ ಇರುವಾಗಲೇ ಕರವಸ್ತ್ರದಂತೆ ಮಡಚಿಬಿಡ್ತಾರೆ. ಅರ್ಧ ನಿಮಿಷ ತಡವಾದರೆ ಮುರಿಯುತ್ತೆ. ಆರಿದ ಮೇಲೆ ಗರಿಗರಿ.

ಅದನ್ನು ಊರಿಗೆ ಒಯ್ಯೋದು ಇನ್ನೊಂದು ಕಥೆ. ಆರು ಮಂಡಿಗೆ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಟ್ಟೆ, ಜಾಣತನ ಮಾಡಿದೆ ಅಂದುಕೊಂಡೆ. ಹಾಸನದಲ್ಲಿ ತೆಗೆದರೆ ಎಲ್ಲಾ ಪುಡಿ. ಅಕ್ಕನಿಗೆ ಫೋನ್ ಮಾಡಿ ಅಳುವ ದನಿಯಲ್ಲಿ ಹೇಳಿದೆ. ಆ ಕಡೆಯಿಂದ ಭಾವ ನಗುತ್ತಾ, "ಅತ್ತೀಗೆ ಹೇಳು, ಬಿಸಿ ಹಾಲು ಕಾಸಂತ. ಮಂಡಿಗಿ ಮುರದ ಹಾಲಾಗ ಹಾಕ್ಕೊಂಡ ತಿನ್ನೂದ" ಅಂದರು. ಹಾಗೇ ತಿಂದೆವು. ನೀವು ಇಡಿಯಾಗಿ ತರಬೇಕು ಅಂದರೆ ಅಗಲವಾದ ಗಟ್ಟಿ ಡಬ್ಬಿಯಲ್ಲಿ ಇಟ್ಟು ಕೈಯಲ್ಲೇ ಹಿಡಿದುಕೊಂಡು ಬನ್ನಿ, ಬರ್ತ್ ಕೆಳಗೆ ತಳ್ಳಬೇಡಿ. ಅಷ್ಟೆಲ್ಲ ಕಷ್ಟ ಬೇಡ ಅನ್ನಿಸಿದರೆ ಹಾಲು ಇಟ್ಟುಕೊಳ್ಳಿ.