ಕಾರ್ಟರ್ ಊರಿನ ಶೇಂಗಾ

ಮಗಳ ಮನೆ ಅಟ್ಲಾಂಟಾದಲ್ಲಿ. ಎರಡು ತಿಂಗಳು ಇದ್ದೆವು. ಅಕ್ವೇರಿಯಂ, ಮಾಲು, ದೇವಸ್ಥಾನ ಎಲ್ಲ ಆಯ್ತು, ಅದನ್ನೆಲ್ಲ ಬರೆಯೋಕೆ ಹೋಗಲ್ಲ. ಪ್ಲೇನ್ಸ್ ಅನ್ನೋ ಊರು ಮಾತ್ರ ಮನಸ್ಸಿಂದ ಹೋಗ್ತಾ ಇಲ್ಲ.

ಅಟ್ಲಾಂಟಾದಿಂದ ದಕ್ಷಿಣಕ್ಕೆ ಸುಮಾರು ಮೂರು ಗಂಟೆ ದಾರಿ. ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹುಟ್ಟಿದ ಊರು. ನೂರು ವರ್ಷ ಬದುಕಿ, 2024ರ ಡಿಸೆಂಬರ್ 29ರಂದು ತೀರಿಕೊಂಡಿದ್ದೂ ಇಲ್ಲೇ. "ಅಲ್ಲೇನಿದೆ ಮಾವ, ಬರೀ ಹೊಲ" ಅಂದರು ಅಳಿಯ. ಹೊಲ ಅಂದಿದ್ದಕ್ಕೇ ನಾನು ಹೊರಟಿದ್ದು. ನಮ್ಮದು ಚಳ್ಳಕೆರೆ ಕಡೆ. ಅಪ್ಪ ನಮ್ಮನ್ನು ಓದಿಸಿದ್ದೇ ಶೇಂಗಾ ಬೆಳೆದು. ಕಾರ್ಟರ್ ಕೂಡ ಶೇಂಗಾ ರೈತ.

ಒಂದು ಮಾತು. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಿ. ದಾರಿಯ ಒಂದು ಹೋಟೆಲಿನಲ್ಲಿ ಸೊಪ್ಪಿನ ಪಲ್ಯ ಅಂತ ಖುಷಿಯಾಗಿ ಹಾಕಿಸಿಕೊಂಡೆವು. ಅದರಲ್ಲಿ ಹಂದಿ ಮಾಂಸ ಇತ್ತು. ಆ ಕಡೆ ಸೊಪ್ಪು ಬೇಯಿಸೋದೇ ಹಾಗಂತೆ. ನನ್ನ ಹೆಂಡತಿ ರಾತ್ರಿವರೆಗೂ ಬಾಳೆಹಣ್ಣಿನಲ್ಲೇ ಕಳೆದಳು.

ಊರಿನಲ್ಲಿ 13 ಅಡಿ ಎತ್ತರದ ಶೇಂಗಾಕಾಯಿ ನಿಂತಿದೆ, ಕಾರ್ಟರ್ ಥರ ಹಲ್ಲು ಬಿಟ್ಟುಕೊಂಡು. ಎಲ್ಲರೂ ಅದರ ಪಕ್ಕ ಫೋಟೊ ತೆಗೆಸಿಕೊಳ್ತಾರೆ. ನನಗೆ ಹಿಡಿಸಲಿಲ್ಲ. ಅದಕ್ಕಿಂತ ಹತ್ತಿರದ ಆರ್ಚರಿ ಅನ್ನೋ ಹಳ್ಳಿಯಲ್ಲಿರುವ ಅವರ ಬಾಲ್ಯದ ತೋಟದ ಮನೆ ವಾಸಿ. 1938ರವರೆಗೆ ಅಲ್ಲಿ ಕರೆಂಟೇ ಇರಲಿಲ್ಲ. ತಳಕ್ಕೆ ತೂತು ಹೊಡೆದ ಬಕೆಟ್ಟೇ ಶವರ್. "ನಮ್ಮ ಹಂಡೆ ಎಷ್ಟೋ ಮೇಲು" ಅಂದಳು ಹೆಂಡತಿ.

ಮುಖ್ಯ ಬೀದಿಯ ಅಂಗಡಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಶೇಂಗಾ ಮಾರುತ್ತಿದ್ದರು. ಕಾರ್ಟರ್ ಐದಾರು ವರ್ಷದ ಹುಡುಗನಾಗಿ ಇದೇ ಬೀದಿಯಲ್ಲಿ ಮಾರುತ್ತಿದ್ದದ್ದೂ ಇದನ್ನೇ. ಒಂದು ಪೊಟ್ಟಣ ತಗೊಂಡು ಹೊರಗೆ ಬೆಂಚಿನಲ್ಲಿ ಕೂತೆ. ಪಕ್ಕದಲ್ಲೊಬ್ಬ ಮುದುಕರಿದ್ದರು. ಇಂಡಿಯಾ ಅಂದ ಕೂಡಲೇ, "ಅವರಮ್ಮ ಲಿಲಿಯನ್ ನಿಮ್ಮ ದೇಶದಲ್ಲಿದ್ದರು" ಅಂದರು. ನಿಜ. 68ನೇ ವಯಸ್ಸಿನಲ್ಲಿ ಪೀಸ್ ಕೋರ್ ಅನ್ನೋ ಅಮೆರಿಕ ಸರ್ಕಾರದ ಸ್ವಯಂಸೇವಕರ ಸಂಸ್ಥೆ ಸೇರಿ, ಬೊಂಬಾಯಿಯ ವಿಕ್ರೋಲಿಯಲ್ಲಿ ನರ್ಸ್ ಆಗಿದ್ದಾಕೆ.

ನಾನೂ ಶೇಂಗಾ ರೈತರ ಮಗ ಅಂದೆ. ಅಲ್ಲಿಂದ ಒಂದೂವರೆ ಗಂಟೆ ಕದಲಲಿಲ್ಲ.

"ನೀರಾವರಿಯೋ?"

"ಇಲ್ಲ, ಮಳೆ ನಂಬಿಕೊಂಡು."

ಅವರು ತಲೆ ಆಡಿಸಿ 1954ರ ಬರದ ಕಥೆ ತೆಗೆದರು. ಹಿಂದಿನ ವರ್ಷ ಅಪ್ಪ ತೀರಿಕೊಂಡಾಗ ಕಾರ್ಟರ್ ನೌಕಾಪಡೆಯ ಕೆಲಸ ಬಿಟ್ಟು ಊರಿಗೆ ಬಂದರು. ಹೆಂಡತಿ ರೊಸಾಲಿನ್‌ಗೆ ಸುತಾರಾಂ ಇಷ್ಟ ಇರಲಿಲ್ಲ, ದಾರಿಯುದ್ದಕ್ಕೂ ಮಾತೇ ಆಡಲಿಲ್ಲವಂತೆ. ಬಂದು ನೋಡಿದರೆ ಮಳೆ ಕೈಕೊಟ್ಟಿತು. ಸರ್ಕಾರಿ ಬಡವರ ಮನೆಯಲ್ಲಿ ಬಾಡಿಗೆಗೆ ಸಂಸಾರ.

"ಆಮೇಲೆ?" ಅಂದೆ.

"ಮರುವರ್ಷ ಮಳೆ ಬಂತು" ಅಂದರು. ರೈತರ ಉತ್ತರ ಅಲ್ವಾ!

ಅಧ್ಯಕ್ಷರಾದಾಗ ಕಾರ್ಟರ್ ಶೇಂಗಾ ವ್ಯಾಪಾರವನ್ನು ಟ್ರಸ್ಟಿಗೆ ಒಪ್ಪಿಸಿದ್ದರು. 1980ರ ಚುನಾವಣೆಯಲ್ಲಿ ಸೋತು ವಾಪಸ್ ಬರುವಷ್ಟರಲ್ಲಿ ಅದರ ಮೇಲೆ ಸುಮಾರು 10 ಲಕ್ಷ ಡಾಲರ್ ಸಾಲ. ಮಾರಿ ಕೈತೊಳೆದುಕೊಂಡರು. 1961ರಲ್ಲಿ ಕಟ್ಟಿಸಿದ ಅದೇ ಮನೆಗೆ ಬಂದು ಸೇರಿದರು, ಕೊನೇತನಕ ಅಲ್ಲೇ ಇದ್ದರು. ನಮ್ಮಲ್ಲಿ ಪಂಚಾಯ್ತಿ ಮೆಂಬರ್ ಆಗಿ ಇಳಿದವನ ಮನೆ ಮೇಲೂ ಒಂದು ಮಹಡಿ ಎದ್ದಿರುತ್ತೆ. ಅಪ್ಪ ಇದ್ದಿದ್ದರೆ ಈ ಮಾತನ್ನು ಅವರಿಗೇ ಮೊದಲು ಹೇಳುತ್ತಿದ್ದೆ.

ಶೇಂಗಾಕ್ಕೆ ಉಪ್ಪು ಜಾಸ್ತಿ ಆಗಿತ್ತು. ಆದರೂ ಪೂರ್ತಿ ಮುಗಿಸಿದೆ.

ಎದ್ದು ಹೊರಟಾಗ ಆ ಮುದುಕರು ಕೇಳಿದರು, "ಈ ಸಲ ನಿಮ್ಮ ಕಡೆ ಮಳೆ ಹೇಗೆ?" ನನಗೆ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಕಾರು ಹತ್ತಿದವನೇ ಊರಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂದೂವರೆ.

"ಇದನ್ನ ಕೇಳೋಕೆ ಎಬ್ಬಿಸಿದ್ಯಾ?" ಅಂದ ಅಣ್ಣ. "ಮೊನ್ನೆ ಒಂದು ಹದ ಬಂತು. ಫೋನ್ ಇಡು."