ಪಾರ್ಕಿನ ಹಾಡು, ಮಳೆಗಾಲದ ಕಪಾಟು

ಥೀಮ್ ಪಾರ್ಕ್ ಸಂಗೀತ ಸಂಗ್ರಹಿಸಲು ಹೊರಟವರು ಮೊದಲೇ ತಿಳಿದಿರಬೇಕಾದ ಮಾತೊಂದುಂಟು: ಪಾರ್ಕಿನಲ್ಲಿ ಕೇಳಿಸುವುದೇ ಬೇರೆ, ಆಲ್ಬಮ್ಮಿನಲ್ಲಿ ಸಿಗುವುದೇ ಬೇರೆ. ಹೆಸರು ಒಂದೇ ಇರಬಹುದು, ಮುಖಪುಟದ ಚಿತ್ರವೂ ಪಾರ್ಕಿನ ಅದೇ ಸವಾರಿಯದ್ದಾಗಿರಬಹುದು (ರೈಡ್). ಒಳಗಿರುವುದು ಮಾತ್ರ ಮನೆಯಲ್ಲಿ ಕೂತು ಕೇಳುವವರಿಗಾಗಿ ಕತ್ತರಿಸಿ ಜೋಡಿಸಿದ್ದೋ, ಹೊಸದಾಗಿ ನುಡಿಸಿದ್ದೋ ಆಗಿರುತ್ತದೆ. ಹಾಗಾಗಿ ಡಿಸ್ಕ್ ಕೊಳ್ಳುವುದು ಅರ್ಧ ಕೆಲಸ, ಅದರಲ್ಲಿರುವುದು ಯಾವ ರೂಪ ಎಂದು ಗುರುತು ಹಾಕಿಡುವುದು ಇನ್ನರ್ಧ. ಮಂಗಳೂರು, ಉಡುಪಿಯಲ್ಲಿರುವವರಿಗೆ ಇದರ ಮೇಲೊಂದು ಕೆಲಸ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲದಕ್ಕೂ ಬೂಸ್ಟು ಹಿಡಿಯದ ಹಾಗೆ ಕಾಯಬೇಕು.

ಎರಡು ರೂಪ ಯಾಕೆ ಆಗುತ್ತದೆ ಎಂದು ಅರ್ಥವಾಗಬೇಕಾದರೆ ಮಂಗಳೂರು ದಸರಾ ಮೆರವಣಿಗೆಯನ್ನು ನೆನಪಿಸಿಕೊಳ್ಳಿ. ಮುಂದೆ ಹೋದ ಹುಲಿವೇಷದ ತಾಸೆ ಇನ್ನೂ ಕಿವಿಯಲ್ಲಿರುವಾಗಲೇ ಹಿಂದಿನ ಟ್ಯಾಬ್ಲೊದ ಸ್ಪೀಕರ್ ಶುರುವಾಗುತ್ತದೆ. ದಸರೆಗೆ ಆ ಗದ್ದಲವೇ ಚಂದ. ಆದರೆ ಥೀಮ್ ಪಾರ್ಕಿಗೆ ಸಂಗೀತ ಮಾಡುವವರು ಒಂದು ಸದ್ದಿನ ಮೇಲೆ ಇನ್ನೊಂದು ಬೀಳುತ್ತದೆ ಎಂದು ಗೊತ್ತಿದ್ದೇ ಕಟ್ಟುತ್ತಾರೆ. 1964ರ ನ್ಯೂಯಾರ್ಕ್ ವರ್ಲ್ಡ್ಸ್ ಫೇರ್‌ಗೆಂದು ಗೀತರಚನಕಾರರಾದ ಶೆರ್ಮನ್ ಸಹೋದರರು ಡಿಸ್ನಿಯ ದೋಣಿ ಸವಾರಿಯೊಂದಕ್ಕೆ ಮಾಡಿದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಹಾಡಿನ ಪಲ್ಲವಿ, ಚರಣ ಎರಡೂ ಒಂದೇ ಸ್ವರಮೇಳದ ಮೇಲೆ ಕೂತಿವೆ. ಇಬ್ಬರು ಒಂದೊಂದನ್ನು ಒಟ್ಟಿಗೇ ಹಾಡಿದರೂ ಹೊಂದಿಕೊಳ್ಳುತ್ತದೆ. ದೋಣಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವಾಗ ಭಾಷೆ ಬದಲಾಗುತ್ತದೆ, ವಾದ್ಯ ಬದಲಾಗುತ್ತದೆ, ಶ್ರುತಿ ತಾಳ ಬದಲಾಗುವುದಿಲ್ಲ. ಇಷ್ಟು ಕೋಣೆಗಳನ್ನು ಎರಡು ಸ್ಪೀಕರಿಗೆ ಇಳಿಸುವಾಗ ಯಾವುದು ಮೊದಲು, ಯಾವುದು ಎಷ್ಟು ಹೊತ್ತು ಎಂದು ಒಬ್ಬರು ಕೂತು ನಿರ್ಧರಿಸಬೇಕಾಗುತ್ತದೆ. ಒಂದೇ ಸವಾರಿಯ ಎರಡು ಆಲ್ಬಮ್‌ಗಳು ಬೇರೆ ಬೇರೆಯಾಗುವುದು ಅಲ್ಲಿ.

1969ರಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ತೆರೆದ ಭೂತಬಂಗಲೆ ಸವಾರಿ ಹಾಂಟೆಡ್ ಮ್ಯಾನ್ಶನ್ ಇನ್ನೂ ಒಳ್ಳೆಯ ಉದಾಹರಣೆ. ಸಂಗೀತ ಸಂಯೋಜಕ ಬಡ್ಡಿ ಬೇಕರ್ ಕೊಟ್ಟ ಒಂದೇ ಧಾಟಿ ಬಾಗಿಲಲ್ಲಿ ಶವಯಾತ್ರೆಯ ಹಾಗೆ ನಿಧಾನವಾಗಿ, ನೃತ್ಯದ ಕೋಣೆಯಲ್ಲಿ ಆರ್ಗನ್ ಮೇಲೆ, ಸ್ಮಶಾನಕ್ಕೆ ಬಂದಾಗ ಕುಣಿಯುವ ಲಯದಲ್ಲಿ ಬರುತ್ತದೆ. ಅದೇ ವರ್ಷದ ಎಲ್‌ಪಿಯಲ್ಲಿ (ದೊಡ್ಡ ವಿನೈಲ್ ರೆಕಾರ್ಡಿನಲ್ಲಿ) ಇರುವುದು ಹೆಚ್ಚಾಗಿ ಕಥೆ ಮತ್ತು ಮಾತು. ಸವಾರಿಯ ಸಂಗೀತ ಬೇಕೆಂದು ಅದನ್ನು ಕೊಂಡರೆ ನಿರಾಸೆಯೇ ಸರಿ, ಕಥೆ ಕೇಳುವ ರೆಕಾರ್ಡ್ ಎಂದು ಕೊಂಡರೆ ಅದು ಚಿನ್ನ. 1972ರಲ್ಲಿ ಶುರುವಾದ ಮೇನ್ ಸ್ಟ್ರೀಟ್ ಎಲೆಕ್ಟ್ರಿಕಲ್ ಪರೇಡಿನ ಮೂಲ ಧಾಟಿಯಂತೂ ಪಾರ್ಕಿಗಾಗಿ ಹುಟ್ಟಿದ್ದೇ ಅಲ್ಲ. ಅದು ಪೆರಿ ಮತ್ತು ಕಿಂಗ್ಸ್ಲಿ ಜೋಡಿಯ 1967ರ ಆಲ್ಬಮ್ಮಿನದು. ಈ ಒಂದು ಪರೇಡಿಗೇ ಮೂಲ ಆಲ್ಬಮ್ ಒಂದು, ಪಾರ್ಕಿನ ಬಿಡುಗಡೆಗಳು ಇನ್ನೊಂದು ಎಂದು ಎರಡು ಖಾನೆ ಮಾಡಲೇಬೇಕು.

ಪಟ್ಟಿ ಮಾಡುವಾಗ ಸ್ಪ್ರೆಡ್‌ಶೀಟ್ ಸಾಕು. ಹೆಸರು, ಪಾರ್ಕು, ಬಿಡುಗಡೆಯ ವರ್ಷದ ಜೊತೆಗೆ ಬೆನ್ನ ಮೇಲಿನ ಕ್ಯಾಟಲಾಗ್ ಸಂಖ್ಯೆ ಬರೆಯಿರಿ. ರೆಕಾರ್ಡಾದರೆ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ, ಸಿಡಿಯಾದರೆ ತಳದ ಒಳಉಂಗುರದಲ್ಲಿ ಕೊರೆದ ಸಂಖ್ಯೆಯನ್ನೂ ಬರೆಯಿರಿ. ಮುಖಪುಟ ಒಂದೇ ಇದ್ದು ಮುದ್ರಣ ಬೇರೆಯಾಗಿದ್ದರೆ ಹಿಡಿದುಕೊಡುವುದು ಆ ಕೊರೆದ ಸಂಖ್ಯೆ. ಪ್ರತಿ ಟ್ರ್ಯಾಕಿನ ಅವಧಿಯನ್ನು ಸೆಕೆಂಡಿನವರೆಗೆ ಹಾಕಿ. ಟೋಕಿಯೊ ಡಿಸ್ನಿಲ್ಯಾಂಡ್ (1983) ಮತ್ತು ಡಿಸ್ನಿಸೀ (2001) ಪಾರ್ಕುಗಳ ಪರೇಡ್ ಸಿಡಿಗಳಲ್ಲಿ ಹೆಸರೆಲ್ಲ ಜಪಾನಿ ಲಿಪಿಯಲ್ಲಿರುತ್ತದೆ, ಅಲ್ಲಿ ಗುರುತು ಹಚ್ಚಲು ಅವಧಿಯೇ ಆಧಾರ. ಆ ಸಿಡಿಗಳ ಬೆನ್ನಿಗೆ ಸುತ್ತಿದ ಕಾಗದದ ಪಟ್ಟಿಯನ್ನು ಎಸೆಯಬೇಡಿ, ಅದಿಲ್ಲದಿದ್ದರೆ ಬೆಲೆ ಇಳಿಯುತ್ತದೆ.

ನಮ್ಮ ಸಿನಿಮಾ ಹಾಡುಗಳ ಸಂಗ್ರಹಕ್ಕೂ ಇದೇ ಕ್ರಮ ನಡೆಯುತ್ತದೆ. ತೆರೆಯ ಮೇಲಿನ ಹಾಡಿಗೂ ರೆಕಾರ್ಡಿನ ಹಾಡಿಗೂ ಎಷ್ಟೋ ಸಲ ವ್ಯತ್ಯಾಸವಿರುತ್ತದೆ, ಹಿನ್ನೆಲೆ ಸಂಗೀತ ಬಿಡುಗಡೆಯಾಗುವುದೇ ಅಪರೂಪ.

ಸಿಡಿಯನ್ನು ಕಂಪ್ಯೂಟರಿಗೆ ಇಳಿಸಲು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಬಳಸಿ, ತಪ್ಪಿದ್ದರೆ ಮತ್ತೆ ಮತ್ತೆ ಓದುವ ಸೆಕ್ಯೂರ್ ಮೋಡಿನಲ್ಲಿ. ಬೇರೆಯವರು ಇಳಿಸಿದ ಫಲಿತಾಂಶಗಳಿರುವ ಆಕ್ಯುರೇಟ್‌ರಿಪ್ ಪಟ್ಟಿಯ ಜೊತೆ ಹೋಲಿಸಿ ನೋಡಿ, ಫೈಲನ್ನು ಸದ್ದು ನಷ್ಟವಾಗದ ಫ್ಲ್ಯಾಕ್ ರೂಪದಲ್ಲಿಡಿ. ಎಂಪಿ3 ಬೇಡ ಎನ್ನುವುದಕ್ಕೆ ಇಲ್ಲೊಂದು ವಿಶೇಷ ಕಾರಣವಿದೆ. ಪಾರ್ಕಿನ ಆಲ್ಬಮ್‌ಗಳಲ್ಲಿ ಒಂದು ಟ್ರ್ಯಾಕ್ ಮುಗಿಯುವ ಮೊದಲೇ ಮುಂದಿನದು ತೇಲಿಬರುವುದು ಸಾಮಾನ್ಯ. ಎಂಪಿ3 ಮಾಡುವಾಗ ಪ್ರತಿ ಫೈಲಿನ ತಲೆ ಬಾಲಕ್ಕೆ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ, ಮೆರವಣಿಗೆ ಮಧ್ಯದಲ್ಲಿ ಕತ್ತರಿ ಬಿದ್ದ ಹಾಗೆ ಕೇಳುತ್ತದೆ. ಟ್ರ್ಯಾಕುಗಳ ಜಾಗ ಹೇಳುವ ಕ್ಯೂ ಫೈಲ್ ಮತ್ತು ಇಳಿಸಿದ ವಿವರವಿರುವ ಲಾಗ್ ಫೈಲನ್ನೂ ಅದೇ ಫೋಲ್ಡರಿನಲ್ಲಿಡಿ.

1990ರ ದಶಕದ ಕೊನೆಗೆ ಡಿಸ್ನಿಲ್ಯಾಂಡ್‌ನಲ್ಲಿ ಬೇಕಾದ ಹಾಡು ಆರಿಸಿದರೆ ಅಲ್ಲೇ ಸಿಡಿ ಬರೆದುಕೊಡುವ ಯಂತ್ರಗಳಿದ್ದವು. ಅಂಥವು ಸಿಡಿ-ಆರ್, ಅಂದರೆ ಕಾರ್ಖಾನೆಯಲ್ಲಿ ಒತ್ತದೆ ಯಂತ್ರದಲ್ಲಿ ಬರೆದ ಸಿಡಿ. ತಳ ತಿರುಗಿಸಿದರೆ ಬೆಳ್ಳಿಯ ಬದಲು ಹಸಿರು ಅಥವಾ ನೀಲಿ ಛಾಯೆ ಕಾಣಬಹುದು. ಒಳಗಿನ ಬಣ್ಣದ ಪದರ ಬಿಸಿಲು, ಸೆಕೆ, ತೇವಕ್ಕೆ ಹಾಳಾಗುತ್ತದೆ, ಆಮೇಲೆ ಯಾವ ಡ್ರೈವೂ ಓದುವುದಿಲ್ಲ. ಕೈಗೆ ಬಂದ ದಿನವೇ ಇಳಿಸಿಬಿಡಿ.

ಇನ್ನು ಮಳೆಗಾಲ. ಊರಿನ ಹೆಚ್ಚಿನ ಹಳೆ ಮನೆಗಳದ್ದು ಕೆಂಪುಕಲ್ಲಿನ ಗೋಡೆ, ಅದು ನೀರು ಕುಡಿಯುತ್ತದೆ. ಪಡುವಣ ಗೋಡೆಗೆ ತಾಗಿಸಿ ಕಪಾಟು ಇಟ್ಟರೆ ಆಟಿ ತಿಂಗಳು ಮುಗಿಯುವುದರೊಳಗೆ ಎಲ್‌ಪಿ ಹೊದಿಕೆಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಒಳಗೋಡೆಯ ಪಕ್ಕ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ನೆಲದಿಂದ ಒಂದಡಿ ಮೇಲೆ ಇಡಿ.

ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದು ಬೇಕು, ಆದರೆ ಅದನ್ನು ನಂಬುವ ಮೊದಲು ಪರೀಕ್ಷಿಸಬೇಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟಾಗುವ ಹಾಗೆ ಕೆಲವು ಹನಿ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು. ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಚೀಲದಲ್ಲಿ ಬಿಗಿದು 12 ಗಂಟೆ ಬಿಟ್ಟರೆ ಮೀಟರ್ ಶೇಕಡ 75 ತೋರಿಸಬೇಕು. 69 ತೋರಿಸಿದರೆ ಆ ಮೀಟರ್ 6 ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನಿಗೇ ಬರೆದು ಅಂಟಿಸಿ. ಕಪಾಟಿನೊಳಗೆ 50ರ ಆಸುಪಾಸು ಇದ್ದರೆ ಒಳ್ಳೆಯದು. 65 ದಾಟಿ ವಾರಗಟ್ಟಲೆ ನಿಂತರೆ ಬೂಸ್ಟಿಗೆ ಆಹ್ವಾನ ಕೊಟ್ಟ ಹಾಗೆ.

ಗಾಳಿಯ ತೇವ ತೆಗೆಯುವ ಯಂತ್ರ ಡಿಹ್ಯುಮಿಡಿಫೈಯರ್ ಇಲ್ಲದವರು ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಬಳಸಬಹುದು. ಎಲ್‌ಪಿಗಳನ್ನು ನೆಟ್ಟಗೆ ನಿಲ್ಲಿಸಿ, 40 ಎಲ್‌ಪಿಗೆ ಅರ್ಧ ಕಿಲೋ ಸಿಲಿಕಾ ಜೆಲ್ (ತೇವ ಹೀರುವ ಹರಳು) ಬಟ್ಟೆಚೀಲದಲ್ಲಿ ಹಾಕಿಡಿ. ಇಲ್ಲಿ ಹೆಚ್ಚಿನವರು ತಪ್ಪುವುದು ಕಾಲದಲ್ಲಿ. ಜೂನ್ ಮೊದಲ ಮಳೆ ಬಂದಾಗ ತುಂಬಿಸಿದರೆ ರಟ್ಟಿನ ಹೊದಿಕೆಗಳು ಆಗಲೇ ತೇವ ಕುಡಿದಿರುತ್ತವೆ. ಆ ತೇವವನ್ನು ಡಬ್ಬಿಯೊಳಗೇ ಬಿಡುತ್ತವೆ, ಜೆಲ್ ಅದನ್ನು ಹೀರುವುದರಲ್ಲೇ ಸೋತುಹೋಗುತ್ತದೆ. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ತುಂಬಿಸಿ ಮುಚ್ಚಿ. ಜೆಲ್ ಬಣ್ಣ ಬದಲಾದರೆ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಒಣಗಿಸಿ, ಆರಿದ ಮೇಲೆ ಮತ್ತೆ ಹಾಕಿ. ಜಿರಳೆ ಬರುತ್ತದೆಂದು ಡಾಂಬರು ಗುಳಿಗೆ ಮಾತ್ರ ಹಾಕಬೇಡಿ. ಅದರ ಆವಿ ಸಿಡಿ ಡಬ್ಬಿ, ಕ್ಯಾಸೆಟ್ ಕವಚದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಪಿವಿಸಿ ಹೊರಚೀಲವೂ ಬೇಡ, ವರ್ಷಗಳಾದ ಮೇಲೆ ರೆಕಾರ್ಡಿನ ಮೇಲೆ ಮಂಜು ಕಟ್ಟಿದ ಹಾಗೆ ಕಲೆ ಬಿಡುತ್ತದೆ.

ಎಲ್‌ಪಿಗೆ ಬೂಸ್ಟು ಹಿಡಿದೇಬಿಟ್ಟರೆ ಮುಖಕ್ಕೆ ಮಾಸ್ಕ್ ಹಾಕಿ ಹೊರಗೆ ಜಗಲಿಯಲ್ಲಿ ಕೂತು ಮೆತ್ತಗಿನ ಬ್ರಶ್ಶಿನಿಂದ ಒಣಗಿದ್ದನ್ನು ತೆಗೆಯಿರಿ. ನಾಲ್ಕು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಗೆರೆಗಳ ದಿಕ್ಕಿನಲ್ಲೇ ಒರೆಸಿ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು ನೆರಳಲ್ಲಿ ಒಣಗಿಸಿ. ಹಳೆಯ 78 ಆರ್‌ಪಿಎಂ ಅರಗಿನ ತಟ್ಟೆಗೆ ಆಲ್ಕೊಹಾಲ್ ತಾಗಿಸಲೇಬಾರದು, ಅರಗು ಕರಗುತ್ತದೆ. ತೊಳೆದದ್ದನ್ನು ಹಳೆಯ ಕಾಗದದ ಒಳಚೀಲಕ್ಕೆ ಮತ್ತೆ ಹಾಕಿದರೆ ಪಟ್ಟ ಪಾಡೆಲ್ಲ ವ್ಯರ್ಥ.

ಗಲ್ಫಿನಿಂದ ಮರಳಿದವರ ಮನೆಯ ಅಟ್ಟದಲ್ಲಿ, ಗುಜರಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕ್ಯಾಸೆಟ್. ಕಿಟಕಿಯಿಂದ ನೋಡುವಾಗ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಒಳ್ಳೆಯ ಡೆಕ್ಕಿಗೆ (ಕ್ಯಾಸೆಟ್ ನುಡಿಸುವ ಯಂತ್ರಕ್ಕೆ) ಹಾಕಬೇಡಿ. ಬೂಸ್ಟು ಟೇಪನ್ನು ಓದುವ ಹೆಡ್ಡಿಗೂ ರಬ್ಬರ್ ರೋಲರಿಗೂ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೆಲ್ಲ ಹಬ್ಬುತ್ತದೆ. ಅಂಥವಕ್ಕೆಂದೇ ಒಂದು ಹಳೆ ಡೆಕ್ ಇಟ್ಟುಕೊಳ್ಳಿ. ಟೇಪನ್ನು ಒತ್ತಿಹಿಡಿಯುವ ಸಣ್ಣ ಉಣ್ಣೆಯ ತುಂಡು ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ. ಐದು ಸ್ಕ್ರೂವಿನ ಬೇರೆ ಕವಚಕ್ಕೆ ಟೇಪನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಕಂಪ್ಯೂಟರಿಗೆ ರೆಕಾರ್ಡ್ ಮಾಡುವ ಮೊದಲು ಎಡ ಬಲದ ಸದ್ದನ್ನು ಒಂದಾಗಿಸಿ ಮೋನೊ ಮಾಡಿ, ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ತಾಳದ ಕಿಣಿಕಿಣಿ ಎಲ್ಲಿ ಅತ್ಯಂತ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಸ್ಟೀರಿಯೊದಲ್ಲಿ ಕೇಳಿದರೆ ಈ ವ್ಯತ್ಯಾಸ ಅಷ್ಟು ಬೇಗ ಸಿಗುವುದಿಲ್ಲ.

ಒಟ್ಟಿಗೆ ತುಂಬ ಬಂದು ಬಿದ್ದಿದ್ದರೆ ಕಂಪ್ಯೂಟರಿಗೆ ಇಳಿಸಬೇಕಾದದ್ದು ಮೊದಲು ಸಿಡಿ-ಆರ್, ಆಮೇಲೆ ಕ್ಯಾಸೆಟ್, ಅದಾದ ಮೇಲೆ ಕಾರ್ಖಾನೆಯಲ್ಲಿ ಒತ್ತಿದ ಸಿಡಿ. ಬೂಸ್ಟಿಲ್ಲದ ಎಲ್‌ಪಿ ಮುಂದಿನ ಚಳಿಗಾಲದವರೆಗೂ ಕಾಯುತ್ತದೆ.