ಎಷ್ಟು ಗಿಡ ನೆಟ್ರಿ?

ಕಾಡಂಚಿನ ಸಣ್ಣ ಟ್ರಸ್ಟೊಂದರ ಜಮೀನು ನೋಡಿಕೊಳ್ಳುವುದು ನನ್ನ ಕೆಲಸ ಎಂದೊಡನೆ ಬರುವ ಪ್ರಶ್ನೆ ಒಂದೇ: "ಈ ವರ್ಷ ಎಷ್ಟು ಗಿಡ ನೆಟ್ರಿ?" ಬಾಯಲ್ಲಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ. ಹೆಚ್ಚೇನಿಲ್ಲ. ಕೆಲವು ವರ್ಷ ಸೊನ್ನೆ.

ಕೇಳಿದವರ ಮುಖ ಸಪ್ಪಗಾಗುತ್ತದೆ. "ಮತ್ತೆ ದಿನವಿಡೀ ಏನ್ಮಾಡ್ತೀರಿ?" ಕೀಳ್ತೀವಿ ಸ್ವಾಮಿ. ಲಂಟಾನ ಕೀಳ್ತೀವಿ, ಹೊರಗಿನಿಂದ ಬಂದು ಕಾಡು ತುಂಬಿರುವ ಆ ಮುಳ್ಳುಪೊದೆ.

ನನಗೆ ಸಿಟ್ಟು ಬರುವುದು ಆ "ನೆಟ್ರಿ" ಅನ್ನುವ ಮಾತಿನ ಮೇಲೆ. ನೆಲ ಖಾಲಿ ಬಿದ್ದಿದೆ, ಯಾರಾದರೂ ಬಂದು ತುಂಬಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡ ಪ್ರಶ್ನೆ ಅದು. ಚಾಮರಾಜನಗರದ ಕಡೆಯ ಎಲೆಯುದುರುವ ಕಾಡಿನಲ್ಲಿ ಲಂಟಾನದ ಮೆಳೆಯೊಳಗೆ ಒಮ್ಮೆ ಬಗ್ಗಿ ನೋಡಿ. ದಿಂಡಿಗ, ಮತ್ತಿ, ಹೊನ್ನೆ ಮರಗಳ ಬೇರು ಅಲ್ಲೇ ಇರುತ್ತದೆ. ಮಳೆಗೆ ಗೇಣುದ್ದ ಚಿಗುರಿ, ಬಿಸಿಲು ಸಿಗದೆ ಸೊರಗಿ, ಮರುವರ್ಷ ಮತ್ತೆ ಚಿಗುರುತ್ತದೆ. ಅದಕ್ಕೆ ಬೇಕಾದದ್ದು ಬೆಳಕು. ನರ್ಸರಿಯ ಸಸಿ ತಂದು ಪಕ್ಕದಲ್ಲಿ ನಿಲ್ಲಿಸಿದರೆ ಅದಕ್ಕೇನು ಬಂತು?

ಕೀಳುವುದಕ್ಕೂ ಲೆಕ್ಕಾಚಾರ ಇದೆ. ಮಚ್ಚಿನಿಂದ ಸವರಿ ಬಂದರೆ ಒಂದು ಕಾಂಡ ಇದ್ದಲ್ಲಿ ಐದಾರು ಏಳುತ್ತವೆ, ಮೆಳೆ ಇನ್ನಷ್ಟು ದಟ್ಟ. ಜೆಸಿಬಿ ತಂದರೆ ಒಂದು ದಿನದಲ್ಲಿ ನೆಲ ಬೋಳಾಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಮಣ್ಣು ತಲೆಕೆಳಗಾಗಿ ಹುದುಗಿದ್ದ ಬೀಜವೆಲ್ಲ ಮೊಳೆಯುತ್ತದೆ, ಜತೆಗೆ ದಿಂಡಿಗದ ಬೇರೂ ಹೋಯಿತು. ನಾವು ಮಾಡುವುದು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ಬೇರು ಕತ್ತರಿಸುವ ವಿಧಾನ. ಲಂಟಾನ ಮರುಚಿಗುರುವುದು ಕಾಂಡ ಮತ್ತು ಬೇರು ಸೇರುವ ಕುತ್ತಿಗೆಯಿಂದ. ಉದ್ದ ಹಿಡಿಯ ಗುದ್ದಲಿಯಿಂದ ಬುಡದ ಮಣ್ಣು ಸ್ವಲ್ಪ ಸರಿಸಿ, ಆ ಕುತ್ತಿಗೆಯ ಕೆಳಗೆ, ನೆಲದಿಂದ ಒಂದೆರಡು ಅಂಗುಲ ಆಳದಲ್ಲಿ ತಾಯಿಬೇರನ್ನು ಹೊಡೆಯಬೇಕು. ಇಡೀ ಬೇರು ಅಗೆಯಬೇಕಿಲ್ಲ, ಇಳಿಜಾರಿನಲ್ಲಿ ಅಗೆದರೆ ಮಣ್ಣು ಕೊಚ್ಚಿಹೋಗುತ್ತದೆ. ಕಿತ್ತ ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಲು ಬಿಡಬೇಕು, ಹಾಗೇ ಬಿಸಾಕಿದರೆ ಹಸಿ ನೆಲಕ್ಕೆ ಮತ್ತೆ ಬೇರೂರುತ್ತದೆ. ಬಾಗಿ ನೆಲ ಮುಟ್ಟಿದ ಕೊಂಬೆಗೂ ಬೇರು ಬಂದಿರುತ್ತದೆ, ಹೊಸಬರು ತಪ್ಪಿಸುವುದು ಅದನ್ನೇ. ಗುದ್ದಲಿ ಎತ್ತುವ ಮೊದಲು ಒಳಗಿನ ಕಾಡುಮರದ ಸಸಿಗಳಿಗೆ ಬಟ್ಟೆ ಚೂರು ಕಟ್ಟಬೇಕು, ಇಲ್ಲದಿದ್ದರೆ ಲಂಟಾನದ ಜತೆ ಅವೂ ಹೋಗುತ್ತವೆ.

ಇದೆಲ್ಲ ಕಾಯಿ ಕಪ್ಪಾಗುವ ಮುಂಚೆ ಮುಗಿಯಬೇಕು. ಹಣ್ಣಾಯಿತೆಂದರೆ ಪಿಕಳಾರ, ಮೈನಾ ಬಿತ್ತನೆ ಶುರುಮಾಡುತ್ತವೆ, ಅವಕ್ಕೆ ಕೂಲಿಯೂ ಬೇಡ.

"ಬೆಂಕಿ ಇಟ್ಟರೆ ಆಯ್ತಲ್ಲ" ಎನ್ನುವವರೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬಿಸಿಲು ಬಲಿಯುವ ಮುನ್ನ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು, ತರಗು ಬೆಂಕಿ ಅಂತ. 1974ರಲ್ಲಿ ಅದು ವನ್ಯಧಾಮವಾದ ಮೇಲೆ ನಿಂತುಹೋಯಿತು. ಲಂಟಾನ ಹಬ್ಬಿದ್ದೂ ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬದನಿಕೆ ಹತ್ತಿದ್ದೂ ಆಮೇಲೆಯೇ ಎನ್ನುವುದು ಅವರ ಮಾತು, ನಾನು ಒಪ್ಪುತ್ತೇನೆ. ಆದರೆ ಅದು ಮೊಣಕಾಲೆತ್ತರ ದಾಟದ ಬೆಂಕಿ. ಈಗ ಆಳೆತ್ತರ ಒಣಗಿ ನಿಂತ ಲಂಟಾನಕ್ಕೆ ಕಡ್ಡಿ ಗೀರಿದರೆ ಬೆಂಕಿ ಮರದ ನೆತ್ತಿಗೇರುತ್ತದೆ.

ಇನ್ನು ಜೂನ್ 5. ಪರಿಸರ ದಿನ, ಬ್ಯಾನರು, ಬಿಸ್ಕತ್ತು. ನಮ್ಮ ಕಡೆ ನಂಬುವ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಜೂನ್ 5ಕ್ಕೆ ನೆಟ್ಟ ಸಸಿ ಜುಲೈ ಗಾಳಿಗೆ ಒಣಗಿ ಕಡ್ಡಿಯಾಗಿರುತ್ತದೆ. ಪ್ಲಾಸ್ಟಿಕ್ ಚೀಲ ಹರಿಯದೆ ನೆಟ್ಟವರಿದ್ದಾರೆ. ಚೀಲದೊಳಗೆ ಸುರುಳಿ ಸುತ್ತಿದ ಬೇರನ್ನು ಬಿಡಿಸದೆ ಇಳಿಸಿದವರಂತೂ ಲೆಕ್ಕವಿಲ್ಲ. ಅಂಥ ಗಿಡ ಎರಡು ವರ್ಷ ಬೆಳೆದಂತೆ ಕಂಡು ಮೂರನೆಯ ವರ್ಷ ವಾಲುತ್ತದೆ.

ನೆಡಲೇಬಾರದ ನೆಲವೂ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 119 ಚದರ ಕಿಲೋಮೀಟರ್. ಬಯಲು, ಕುರುಚಲು, ಹುಲ್ಲಿನ ಸೀಮೆ. ಅಲ್ಲಿ ನೀಲಗಿರಿ ನೆಟ್ಟರು. ದೂರದವರೆಗೆ ಕಣ್ಣು ಹಾಯದ ಕಡೆ ಕೃಷ್ಣಮೃಗಕ್ಕೂ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಬಾಳುವೆ ಇಲ್ಲ. ನೆಟ್ಟ ಗಿಡದ ಲೆಕ್ಕ ಮಾತ್ರ ಅಲ್ಲಿ ಚೆನ್ನಾಗಿಯೇ ಇದ್ದಿರಬೇಕು.

ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ: "ಕಿತ್ತ ಜಾಗಕ್ಕೆ ಮತ್ತೆ ಹೋದ್ರಾ?" ಕೆಲಸ ಗೆಲ್ಲುವುದೂ ಕೆಡುವುದೂ ಅಲ್ಲೇ. ಬೋಳು ನೆಲಕ್ಕೆ ಮೊದಲ ಮಳೆಗೇ ಪಾರ್ಥೇನಿಯಂ, ಯುಪಟೋರಿಯಂ ಬಂದು ಕೂರುತ್ತವೆ. ಮಲೆನಾಡಿನವರು ಯುಪಟೋರಿಯಮ್ಮನ್ನು ಕಮ್ಯುನಿಸ್ಟ್ ಗಿಡ ಅನ್ನುತ್ತಾರೆ, ಹಬ್ಬುವ ರೀತಿ ನೋಡಿ. ಹಾಗಾಗಿ ಹಿಂದಿನ ನವೆಂಬರ್, ಡಿಸೆಂಬರಿನಲ್ಲೇ ಊರಿನ ಹುಲ್ಲಿನ ತೆನೆ ಸವರಿ ಒಣಗಿಸಿಟ್ಟು, ಮಳೆ ಹಿಡಿಯುವಾಗ ಎರಚುತ್ತೇವೆ. ಲಂಟಾನದ ಮರಿಗಳನ್ನು ಮಳೆಗಾಲ ಕಳೆದೊಡನೆ, ಮಣ್ಣು ಇನ್ನೂ ಮೆದುವಾಗಿರುವಾಗ ಕೈಯಲ್ಲೇ ಕಿತ್ತುಬಿಡಬಹುದು. ಒಂದು ವರ್ಷ ಬಿಟ್ಟರೆ ಮತ್ತೆ ಗುದ್ದಲಿಯೇ ಬೇಕು. ಹಕ್ಕಿ ಕೂರುವ ದೊಡ್ಡ ಮರಗಳ ಅಡಿಯಲ್ಲಿ ಮರಿಗಳು ಸೊಪ್ಪಿನ ಮಡಿಯ ಹಾಗೆ ಎದ್ದಿರುತ್ತವೆ, ಮೊದಲು ನೋಡಬೇಕಾದದ್ದು ಅಲ್ಲಿ. ಮೂರು ವರ್ಷ ಇದೇ ಪಾಡು. ಆದ್ದರಿಂದ ಮುಂದಿನ ವರ್ಷ ತಿರುಗಿ ಬರಲಾಗದಷ್ಟು ಜಾಗವನ್ನು ನಾವು ಕೀಳುವುದಿಲ್ಲ. ದಾನಿಗಳಿಗೆ ಇದು ಸೋಮಾರಿತನದಂತೆ ಕಾಣುತ್ತದೆ, ಕಾಣಲಿ.

ಕೈಜೋಡಿಸುವ ಮನಸ್ಸಿದ್ದರೆ ಮಳೆ ಹೊರಟ ವಾರ, ನವೆಂಬರಿನಲ್ಲಿ ಬನ್ನಿ. ತುಂಬುತೋಳಿನ ಅಂಗಿ, ದಪ್ಪ ಕೈಗವಸು, ಉಣ್ಣಿಹುಳ ಹತ್ತದಂತೆ ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇರಲಿ. ಗುದ್ದಲಿ ನಮ್ಮಲ್ಲಿದೆ. ಸಸಿ ತರಬೇಡಿ.